ವಾಡೆಯ ಇತಿಹಾಸ ಬರೆಯಬೇಕೇ? ಮೊದಲು ಉತಾರ ತೆಗೆಸಿ

ದೇಸಾಯರ ವಾಡೆಯ (ವತನದಾರರ ದೊಡ್ಡ ಮನೆಯ) ಚರಿತ್ರೆ ಹುಡುಕುವವರು ಹೆಚ್ಚಾಗಿ ಮನೆತನದ ಹಿರಿಯರನ್ನು ಕೇಳಿ ಆರಂಭಿಸುತ್ತಾರೆ. ಅದು ಎರಡನೆಯ ಕೆಲಸವಾಗಲಿ. ವಾಡೆಗೆ ಸೇರಿದ್ದ ಹೊಲಗಳ ರಿ.ಸ. (ರಿವಿಜನ್ ಸರ್ವೆ) ನಂಬರು ಹಿಡಿದು, ಈಗಿನ ಉತಾರದಿಂದ (ಪಹಣಿಯಿಂದ) ಕೈಬರಹದ ಉತಾರಕ್ಕೆ, ಅಲ್ಲಿಂದ ಹಕ್ಕು ಬದಲಾವಣೆಯ ಡೈರಿಗಳಿಗೆ ಹಿಂದಕ್ಕೆ ಹೋಗಿ. ಪ್ರತಿ ಡೈರಿಯ ನಂಬರು, ತಾರೀಖು, ಕಾರಣ ಮೂರನ್ನೂ ಬರೆದುಕೊಳ್ಳಿ. 1950ರ ಪರಗಣಾ–ಕುಲಕರ್ಣಿ ವತನ ರದ್ದತಿ ಕಾಯ್ದೆ (ವತನವೆಂದರೆ ಸೇವೆಗಾಗಿ ವಂಶಕ್ಕೆ ಬಿಟ್ಟ ಜಮೀನು, ಹಕ್ಕು) ಮತ್ತು 1974ರ ಭೂಸುಧಾರಣೆಯ ನಂತರದ ಡೈರಿಗಳನ್ನು ನಿಧಾನವಾಗಿ ಓದಿ. ‘ಅಜ್ಜ ಎಲ್ಲಾ ಮಾರಿ ಕಳೆದ’ ಎಂಬ ಮಾತನ್ನು ನಂಬುವ ಮೊದಲು, ಹೊಲ ಕಾಯ್ದೆಯಿಂದ ಉಳುವವರ ಹೆಸರಿಗೆ ಹೋಗಿತ್ತೇ ಎಂದು ಇಲ್ಲೇ ತಿಳಿಯುತ್ತದೆ.

ಬಾಗಲಕೋಟೆ ಕಡೆಯ ವಾಡೆಯಾದರೆ ಯಾವ ಕಚೇರಿಗೆ ಹೋಗಬೇಕು? ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನದನ್ನು ವಿಜಯಪುರದಲ್ಲಿಯೂ ವಿಚಾರಿಸಿ. 1885ಕ್ಕಿಂತ ಮುಂಚಿನ ಕಾಗದದಲ್ಲಿ ‘ಕಲಾದಗಿ ಜಿಲ್ಲೆ’ ಎಂದಿರುತ್ತದೆ. ಜಮಖಂಡಿ, ಮುಧೋಳ, ರಾಮದುರ್ಗ 1948ರವರೆಗೆ ಸಂಸ್ಥಾನಗಳಾಗಿದ್ದವು, ಅವುಗಳ ದಫ್ತರವೇ ಬೇರೆ.

ಪೆಟ್ಟಿಗೆಯಲ್ಲಿನ ಹಳೆಯ ಸನದುಗಳು (ವತನ ಕೊಟ್ಟ ಪತ್ರಗಳು) ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರಿಗೆ ಫೋಟೊ ತೋರಿಸಿ, ಕಾಗದ ಕೊಡಬೇಡಿ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ: ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ.

ಜನ ಎಡವುವುದು ಇಸವಿಯಲ್ಲಿ. ‘ಖಮಸ ಅಶರ ಮಯಾತೈನ ವ ಅಲಫ್’ ಎಂದಿದ್ದರೆ ಐದು, ಹತ್ತು, ಇನ್ನೂರು, ಸಾವಿರ, ಅಂದರೆ 1215. ಇದು ಸುಹೂರ್ ಸನ್, ಮರಾಠರ ಕಾಗದಗಳಲ್ಲಿ ಅರಬ್ಬಿ ಸಂಖ್ಯಾಪದಗಳಿಂದ ಬರೆಯುತ್ತಿದ್ದ ವರ್ಷ. 599 ಕೂಡಿಸಿದರೆ 1814 ಬರುತ್ತದೆ. ವರ್ಷ ಮಿರಗಕ್ಕೆ (ಜೂನ್ ಆರಂಭದ ಮೃಗಶಿರ ಮಳೆಗೆ) ಹುಟ್ಟುವುದರಿಂದ ಜನವರಿಯಿಂದ ಮೇ ತಿಂಗಳವರೆಗಿನ ಕಾಗದಕ್ಕೆ 600 ಕೂಡಿಸಿ. ಇದನ್ನೇ ಹಿಜರಿ ಎಂದು ಓದಿದರೆ 1800 ಆಗಿ, ಹದಿನಾಲ್ಕು ವರ್ಷ ತಪ್ಪುತ್ತದೆ. ಫಸಲಿಗೆ (ಕಂದಾಯದ ವರ್ಷಕ್ಕೆ) 590, ಶಕಕ್ಕೆ 78 ಕೂಡಿಸಿ; ಜನವರಿಯಿಂದ ಆ ವರ್ಷ ಮುಗಿಯುವವರೆಗಿನ ಕಾಗದಕ್ಕೆ ಇಲ್ಲಿಯೂ ಒಂದು ಹೆಚ್ಚು.

ಸನದಿನ ಇಸವಿ ವತನದ್ದು, ಕಟ್ಟಡದ್ದಲ್ಲ. ಕಟ್ಟಡದ ವಯಸ್ಸನ್ನು ಗೋಡೆಯಲ್ಲೇ ಓದಬೇಕು. ಹೆಬ್ಬಾಗಿಲ ಗೋಡೆಗೆ ಪಡಸಾಲೆಯ ಗೋಡೆ ಕೂಡುವ ಮೂಲೆಯಲ್ಲಿ ನಿಲ್ಲಿ. ಕಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡಿದ್ದರೆ ಎರಡೂ ಒಟ್ಟಿಗೆ ಎದ್ದವು. ಮೇಲಿನಿಂದ ಕೆಳಗೆ ನೆಟ್ಟಗೆ ಸಂದು ಕಂಡರೆ ಒಂದು ಆಮೇಲೆ ಸೇರಿದ್ದು. ಮಂಗಳೂರು ಹೆಂಚು ಕಂಡು ಇಡೀ ವಾಡೆಯೇ ಹೊಸದೆನ್ನಬೇಡಿ. ಬಾಸೆಲ್ ಮಿಶನ್ನಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಹಾಗಾಗಿ ಹೆಂಚು ಅದರ ನಂತರದ್ದು, ಅಷ್ಟೇ. ಹೆಂಚಿನ ಕೆಳಗೆ ಗೋಡೆಯ ನೆತ್ತಿಯಲ್ಲಿ ಒಂದೇ ಮಟ್ಟಕ್ಕೆ ಸಾಲಾಗಿ ತೂತುಗಳಿದ್ದರೆ, ಅಲ್ಲಿ ಹಿಂದೆ ಮಣ್ಣಿನ ಮಾಳಿಗೆಯ ಜಂತಿಗಳು ಕೂತಿದ್ದವು. ಆ ತೂತುಗಳ ನಡುವಿನ ಅಂತರ ಅಳೆದು, ಎದುರು ಗೋಡೆಯವುಗಳೊಂದಿಗೆ ಹೋಲಿಸಿ ನಕ್ಷೆಯಲ್ಲಿ ಗುರುತು ಹಾಕಿ.