ಈರುಳ್ಳಿ ಬೇರಲ್ಲಿ ಕೋಶ ವಿಭಜನೆ ನೋಡುವುದು ಹೇಗೆ

ಕುಮಟಾ ಕಡೆ ಹೆದ್ದಾರಿ ಬದಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಸಿಗುತ್ತದಲ್ವಾ, ಅದರಲ್ಲಿ ಒಂದು ಗಡ್ಡೆ ಸಾಕು. ಒಣಗಿದ ಬೇರು ಕೆರೆದು ತೆಗೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸಿ. ಎರಡು ಮೂರು ದಿನಕ್ಕೆ ಬಿಳಿ ಬೇರು ಇಳಿಯುತ್ತದೆ.

ಬೆಳಿಗ್ಗೆ ಬೇರಿನ ತುದಿ ಕತ್ತರಿಸಿ, 1 ಪಾಲು ಅಸಿಟಿಕ್ ಆಸಿಡ್, 3 ಪಾಲು ಆಲ್ಕೋಹಾಲ್ ಬೆರೆಸಿದ್ದರಲ್ಲಿ ಒಂದು ದಿನ ನೆನೆಸಿಡಿ. ಈ ಆಸಿಡ್ ಕೆಲಸ ಕಾಲೇಜು ಲ್ಯಾಬಲ್ಲೇ ಆಗಲಿ, ಅಡುಗೆಮನೆಯಲ್ಲಿ ಬೇಡ. ಆಮೇಲೆ ಸ್ಲೈಡ್ ಮೇಲಿಟ್ಟು, ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣದ ಜೊತೆ ಒಂದು ಹನಿ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಸ್ವಲ್ಪ ಬೆಚ್ಚಗೆ ಮಾಡಿ. ಗಾಢ ಕೆಂಪಾದ ತುದಿಯಷ್ಟೇ ಬೇಕು, ಉಳಿದದ್ದು ಬಿಸಾಡಿ. ಕವರ್ ಸ್ಲಿಪ್ ಇಟ್ಟು ಹೆಬ್ಬೆರಳಿಂದ ನೇರ ಒತ್ತಿ.

ಮೈಕ್ರೋಸ್ಕೋಪಲ್ಲಿ ನೋಡಿದರೆ ಹೆಚ್ಚಿನ ಕೋಶಗಳಲ್ಲಿ ಸುಮ್ನೆ ದುಂಡನೆ ನ್ಯೂಕ್ಲಿಯಸ್ ಕಾಣುತ್ತದೆ. ನಿರಾಸೆ ಬೇಡ, ಅವು ವಿಭಜನೆಗೆ ಸಿಡಿಕೆ ಎಂಬ ಕಿಣ್ವದ ಒಪ್ಪಿಗೆಗೆ ಕಾಯುತ್ತಿರಬಹುದು. ಸಿಡಿಕೆ ಒಂದೇ ಇದ್ದರೆ ಏನೂ ಮಾಡಲ್ಲ. ಸೈಕ್ಲಿನ್ ಎಂಬ ಪ್ರೋಟೀನ್ ಬಂದು ಅಂಟಿದರೆ ಮಾತ್ರ ಎಟಿಪಿ ಎಂಬ ಶಕ್ತಿ ಒದಗಿಸುವ ಅಣುವಿನಿಂದ ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನ್‌ಗಳಿಗೆ ಅಂಟಿಸಿ ಅವನ್ನು ಎಬ್ಬಿಸುತ್ತದೆ ಅಥವಾ ಸುಮ್ಮನಾಗಿಸುತ್ತದೆ. ಸಕ್ಕರೆ, ಸೈಟೋಕೈನಿನ್ ಎಂಬ ಗಿಡದ ಹಾರ್ಮೋನ್ ಸಾಕಷ್ಟಿದ್ದರೆ ಡಿ ಗುಂಪಿನ ಸೈಕ್ಲಿನ್ ಜಾಸ್ತಿಯಾಗಿ ಡಿಎನ್‌ಎ ನಕಲು ಶುರುವಾಗುತ್ತದೆ. ವಿಭಜನೆ ಹತ್ತಿರ ಬಂದಾಗ ಸಿಡಿಕೆಬಿ ಎಂಬ ಇನ್ನೊಂದು ಬಗೆಯ ಸಿಡಿಕೆ ಕೈಜೋಡಿಸುತ್ತದೆ, ಇದು ಗಿಡಗಳಲ್ಲಿ ಇದೆ, ನಮ್ಮಲ್ಲಿ ಇಲ್ಲ! ಡಿಎನ್‌ಎ ಕೆಟ್ಟಿದ್ದರೆ ವೀ1 ಎಂಬ ಇನ್ನೊಂದು ಕಿಣ್ವ ಬ್ರೇಕ್ ಹಾಕುತ್ತದೆ.

ಕ್ರೋಮೋಸೋಮ್‌ಗಳು ಎರಡು ಗುಂಪಾಗಿ ಆಚೀಚೆ ಸರಿಯುವ ಕೋಶ ಸಿಕ್ಕಿತಾ? ಅಲ್ಲಿ ಎಪಿಸಿ ಎಂಬ ಕಿಣ್ವ ಸೈಕ್ಲಿನ್‌ಗೆ ಗುರುತು ಹಚ್ಚಿ ನಾಶಕ್ಕೆ ಕಳಿಸುತ್ತಿದೆ. ಫೋನಲ್ಲಿ ಫೋಟೋ ತೆಗೆದುಕೊಳ್ಳಿ, ಸ್ಲೈಡ್ ಬೇಗ ಒಣಗುತ್ತದೆ.