ಹಳೇ ಮಾರುತಿ 800ಕ್ಕೆ ಇರಿಡಿಯಂ ಪ್ಲಗ್: ದುಡ್ಡು ಹಾಕುವ ಮುಂಚೆ

ಕಾರ್ಬೋರೇಟರ್ ಇರುವ ಹಳೇ ಮಾರುತಿ 800 ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ, ಏರಿನಲ್ಲಿ ಏದುಸಿರು ಬಿಟ್ಟರೆ, ‘ಇರಿಡಿಯಂ ಪ್ಲಗ್ ಹಾಕಿಸಿ’ ಎನ್ನುವವರಿಗೆ ಬರವಿಲ್ಲ. (ಪ್ಲಗ್ ಅಂದರೆ ಪೆಟ್ರೋಲ್ ಹೊತ್ತಿಸಲು ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ಇರಿಡಿಯಂ ಅದರ ತುದಿಯ ಲೋಹ.) ಮೂರು ಸಿಲಿಂಡರಿಗೆ ಮೂರು ಪ್ಲಗ್, ಒಂದೊಂದರ ಬೆಲೆಯೂ ಸಾದಾ ಪ್ಲಗ್ಗಿನ ನಾಲ್ಕೈದು ಪಟ್ಟು. ಬಹುಪಾಲು ಹಳೇ ಎಂಜಿನ್ನುಗಳಿಗೆ ಇದು ದಂಡದ ಖರ್ಚು.

ಇರಿಡಿಯಂ ಮಾಡುವುದು ಎರಡೇ ಕೆಲಸ. ಸಾದಾ ಪ್ಲಗ್ಗಿನ ನಡುವಿನ ನಿಕಲ್ ತುದಿ ಸುಮಾರು 2.5 ಮಿ.ಮೀ. ದಪ್ಪವಿದ್ದರೆ, ಇದರದು 0.4ರಿಂದ 0.6 ಮಿ.ಮೀ. ಚೂಪು ತುದಿಯಿಂದ ಕಡಿಮೆ ವೋಲ್ಟೇಜಿನಲ್ಲೇ ಕಿಡಿ ಹಾರುತ್ತದೆ. ಲೋಹ ಗಟ್ಟಿಯಾದ್ದರಿಂದ ಸವೆತವೂ ನಿಧಾನ. ಈಗಾಗಲೇ ಪ್ರತಿ ಸಲವೂ ಸರಿಯಾಗಿ ಕಿಡಿ ಹಾರುತ್ತಿರುವ ಎಂಜಿನ್ನಿನಲ್ಲಿ ಇದರಿಂದ ಪಿಕಪ್ ಏರುವುದಿಲ್ಲ. (ಅಂಗಡಿಯವರು ‘ಕಾಪರ್ ಪ್ಲಗ್’ ಎನ್ನುವುದೂ ನಿಕಲ್ ತುದಿಯದೇ, ತಾಮ್ರ ಇರುವುದು ಒಳಗಿನ ತಿರುಳಿನಲ್ಲಿ.)

ಬಾಳಿಕೆಯ ಲೆಕ್ಕ ಹಾಕಿ ನೋಡಿ. ಸಾದಾ ಪ್ಲಗ್ 150 ರೂಪಾಯಿಯಂತೆ ಮೂರಕ್ಕೆ 450, 15,000 ಕಿ.ಮೀ. ಬಂದರೆ ಕಿಲೋಮೀಟರಿಗೆ 3 ಪೈಸೆ. ಇರಿಡಿಯಂ 650ರಂತೆ 1,950, 45,000 ಕಿ.ಮೀ. ಬಂದರೂ 4 ಪೈಸೆ ದಾಟುತ್ತದೆ. ಅದೂ ಅಲ್ಲದೆ, ವರ್ಷಕ್ಕೆ 4,000 ಕಿ.ಮೀ. ಓಡುವ ಗಾಡಿಯಲ್ಲಿ ಆ 45,000 ಮುಟ್ಟಲು ಹನ್ನೊಂದು ವರ್ಷ ಬೇಕು. ಅಷ್ಟರೊಳಗೆ ಎಣ್ಣೆ ಮಸಿ ಅದನ್ನು ಕೆಡಿಸಿರುತ್ತದೆ.

ಆದ್ದರಿಂದ ಮೊದಲು ಇರುವ ಪ್ಲಗ್ಗುಗಳನ್ನು ಬಿಚ್ಚಿ ತುದಿಯ ಬಣ್ಣ ಓದಿ. ಎಂಜಿನ್ ತಣ್ಣಗಿರಲಿ, ಪ್ಲಗ್ ಕೂರುವ ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತುಬರಬಹುದು. ಸುತ್ತಲಿನ ಧೂಳನ್ನು ಊದಿ ತೆಗೆಯಿರಿ, ವಯರುಗಳಿಗೆ 1, 2, 3 ಎಂದು ಗುರುತು ಹಾಕಿ. ತುದಿ ತಿಳಿ ಕಂದು ಅಥವಾ ಬೂದು ಇದ್ದರೆ ಕ್ಷೇಮ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ: ಚೋಕ್ ಪೂರ್ತಿ ತೆರೆದುಕೊಳ್ಳುತ್ತಿಲ್ಲ, ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ನ ಮಟ್ಟ ಕೆಟ್ಟಿದೆ. ಬಿಳಿಚಿ ಗುಳ್ಳೆ ಎದ್ದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಕಿಡಿಯ ಟೈಮಿಂಗ್ ಮುಂದೆ, ಅಥವಾ ತಪ್ಪು ಪ್ಲಗ್. ಒದ್ದೆ ಎಣ್ಣೆ ಜಿಡ್ಡು ಅಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ. ಎಣ್ಣೆ ಕುಡಿಯುವ ಎಂಜಿನ್ನಿನಲ್ಲಿ ಇರಿಡಿಯಂ ಕೂಡ ಜಿಡ್ಡು ಹಿಡಿಯುತ್ತದೆ, ಅದನ್ನು ತಂತಿ ಬ್ರಷ್‌ನಿಂದ ಉಜ್ಜುವಂತೆಯೂ ಇಲ್ಲ.

ಪ್ಲಗ್ ಹೊರಗಿರುವಾಗಲೇ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ. ಸಿಲಿಂಡರುಗಳ ನಡುವೆ ಚದರ ಸೆಂ.ಮೀ.ಗೆ 1 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು. ಆಮೇಲೆ, ಪ್ಲಗ್ ಮತ್ತೆ ಕೂರಿಸಿ, ಪ್ಲಗ್ಗಿಗೆ ಕರೆಂಟ್ ತರುವ ಹೈಟೆನ್ಷನ್ ವಯರುಗಳನ್ನು ನೋಡಿ. ಕತ್ತಲಲ್ಲಿ ಎಂಜಿನ್ ಚಾಲೂ ಇಟ್ಟು, ಕೈ ತಾಗಿಸದೆ, ವಯರುಗಳ ಮೇಲೆ ನೀರಿನ ತುಂತುರು ಹೊಡೆಯಿರಿ. ನೀಲಿ ಕಿಡಿ ಹರಿದಾಡಿದರೆ ನಿಮ್ಮ ‘ಸ್ಟಾರ್ಟಿಂಗ್ ಟ್ರಬಲ್’ ಅಲ್ಲಿದೆ. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪಿನ ಬಿರುಕು, ಅದರೊಳಗಿನ ಸುಟ್ಟ ರೋಟರ್, ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಇರುವ ಗಾಡಿಯಾದರೆ ಪಾಯಿಂಟ್ ಮತ್ತು ಅದರ ಜೊತೆಗಿನ ಕಂಡೆನ್ಸರ್: ಇರಿಡಿಯಂಗೆ ಎತ್ತಿಟ್ಟ ದುಡ್ಡು ಇವಕ್ಕೆ ಹೋದರೆ ಸಾರ್ಥಕ.

ಪ್ಲಗ್ ಕೊಳ್ಳುವಾಗ ಲೋಹಕ್ಕಿಂತ ಶಾಖದ ನಂಬರ್ ಮುಖ್ಯ. ಇಲ್ಲಿ ಎಡವುವ ಜಾಗ ಒಂದಿದೆ. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ನಂಬರ್ ಏರಿದಷ್ಟೂ ಪ್ಲಗ್ ತಣ್ಣನೆಯದು (ತುದಿಯ ಶಾಖವನ್ನು ಬೇಗ ಬಿಟ್ಟುಕೊಡುವಂಥದು), ಬಾಷ್ ಕಂಪನಿಯದರಲ್ಲಿ ಉಲ್ಟಾ. (ಹಳಬರು ‘ಮೈಕೋ ಪ್ಲಗ್’ ಎನ್ನುವುದು ಬಾಷ್ ಪ್ಲಗ್ಗನ್ನೇ, ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಆಯಿತು.) ಎನ್‌ಜಿಕೆ ಬಿಪಿಆರ್6ಇಎಸ್‌ಗೆ ಬಾಷ್ ಡಬ್ಲ್ಯುಆರ್7ಡಿಸಿ ಸಾಟಿ. ಬರೀ ಅಂಕಿ ನೋಡಿ ‘6ಕ್ಕೆ 6’ ಎಂದು ತಂದರೆ ಬೇರೆಯದೇ ಶಾಖದ ಪ್ಲಗ್ ಬರುತ್ತದೆ. ತುದಿ 450 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮಸಿ ಸುಟ್ಟುಹೋಗದು. 850 ದಾಟಿದರೆ ಕಿಡಿಗೆ ಮುಂಚೆಯೇ ಪೆಟ್ರೋಲ್ ಹೊತ್ತಿ ಪಿಸ್ಟನ್ನಿಗೆ ಕುತ್ತು. ಎನ್‌ಜಿಕೆ ಕೋಡಿನ ‘ಇ’ ಅಂದರೆ 19 ಮಿ.ಮೀ. ಥ್ರೆಡ್ ಉದ್ದ, ‘ಆರ್’ ಅಂದರೆ ರೇಡಿಯೋ ಗೊರಗೊರ ತಗ್ಗಿಸುವ ರೆಸಿಸ್ಟರ್. ಗಾಡಿಯ ಕೈಪಿಡಿಯಲ್ಲಿರುವ ಕೋಡನ್ನೇ ಹಿಡಿಯಿರಿ.

ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ತಗಡು) ಕಿಡಿ ಹಾರುವ ಗ್ಯಾಪನ್ನು 0.7–0.8 ಮಿ.ಮೀ.ಗೆ ತನ್ನಿ. ಬಗ್ಗಿಸುವುದು ಹೊರಗಿನ ಕೊಕ್ಕೆಯನ್ನು ಮಾತ್ರ. ಇರಿಡಿಯಂ ಆದರೆ ನಡುವಿನ ತುದಿಗೆ ಗೇಜ್ ಒತ್ತಿದರೂ ಮುರಿಯಬಹುದು. ಪ್ಲಗ್ಗನ್ನು ಬೆರಳಲ್ಲೇ ತಿರುಗಿಸುತ್ತ ಕೂರಿಸಿ. ಮೊದಲ ಸುತ್ತಿನಲ್ಲೇ ಬಿಗಿ ಎನಿಸಿದರೆ ಥ್ರೆಡ್ ಅಡ್ಡ ಹತ್ತಿದೆ, ಬಿಚ್ಚಿ ಮತ್ತೆ ಹಾಕಿ. ವಾಷರ್ ತಾಗಿದ ಮೇಲೆ ಹೊಸ ಪ್ಲಗ್ಗಿಗೆ ಸ್ಪ್ಯಾನರಿನಿಂದ ಅರ್ಧದಿಂದ ಮೂರನೇ ಎರಡು ಸುತ್ತು, ಹಳೆಯದಕ್ಕೆ ಹನ್ನೆರಡನೇ ಒಂದು ಸುತ್ತು ಸಾಕು. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇದ್ದರೆ 25–30 ನ್ಯೂಟನ್ ಮೀಟರ್. ಥ್ರೆಡ್ಡಿಗೆ ಗ್ರೀಸ್ ಬಳಿಯಬೇಡಿ, ಅಳತೆ ಮೀರಿ ಬಿಗಿಯಾಗುತ್ತದೆ.

ಇರಿಡಿಯಂ ಸಲ್ಲುವುದು ಒಂದೇ ಕಡೆ: ರಿಂಗ್, ವಾಲ್ವ್, ಕಾರ್ಬೋರೇಟರ್ ಎಲ್ಲ ಹದವಾಗಿದ್ದು, ಗಾಡಿ ದಿನಾ ಹತ್ತಾರು ಸಲ ಸ್ಟಾರ್ಟ್ ಆಗಿ ನಿಂತು ಓಡುವಂಥ ಬಳಕೆಯಲ್ಲಿ. ಹಾಗಿದ್ದರೂ ಕೈಪಿಡಿಯ ಶಾಖದ ನಂಬರಿನದೇ ತರಬೇಕು, ಬಿಲ್ ಕೊಡುವ ಅಂಗಡಿಯಿಂದಲೇ. ನಕಲಿ ಇರಿಡಿಯಂ ಪ್ಲಗ್ಗುಗಳೂ ಓಡಾಡುತ್ತವೆ.