ಇಲಿಯ ಮೆದುಳು ಉಳಿಸಿದ ಮದ್ದನ್ನು ನಾನು ಯಾಕೆ ಅಷ್ಟು ಬೇಗ ನಂಬುವುದಿಲ್ಲ: ಪುಣೆಯ ಲ್ಯಾಬ್‌ನಿಂದ ನನ್ನ ಅನುಭವ

ನಾನು ಪುಣೆಯ ಒಂದು ಫಾರ್ಮಸಿ ಕಾಲೇಜಿನ ಲ್ಯಾಬ್‌ನಲ್ಲಿ ಸ್ಟ್ರೋಕ್, ಅಂದರೆ ಲಕ್ವದ ಮೇಲೆ ಕೆಲಸ ಮಾಡುತ್ತೇನೆ. ಊರು ಧಾರವಾಡ. ಕೆಲಸ ಏನು ಅಂತ ಕೇಳಿದವರಿಗೆ ಹೇಳುವುದು ಸುಲಭ: ಇಲಿಯ ಮೆದುಳಿಗೆ ಹೋಗುವ ರಕ್ತ ತಡೆಯುತ್ತೇವೆ, ಆಮೇಲೆ ಮದ್ದು ಕೊಟ್ಟು ಎಷ್ಟು ಮೆದುಳು ಉಳಿಯಿತು ಅಂತ ಅಳೆಯುತ್ತೇವೆ. ಪುಣೆಯ ಕೊಥ್ರೂಡ್‌ನಲ್ಲಿ ನಮ್ಮ ಕಡೆಯ ಕಾಕಾ ಒಬ್ಬರಿದ್ದಾರೆ. ಅವರ ಮನೆಯಲ್ಲಿ ಕಾಕುಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಅವರು ಕೇಳಿದ್ದು ಒಂದೇ ಮಾತು. "ಅಲ್ಲೋ ತಮ್ಮಾ, ಇಲಿಗೆ ಆರಾಮ ಆಗ್ತದ ಅಂತೀ, ಮತ್ತ ಮನುಷ್ಯಾರಿಗೆ ಯಾಕ ಆಗವಲ್ದು?"

ಸರಿಯಾದ ಪ್ರಶ್ನೆ. 2006ರಲ್ಲಿ ಒಂದು ಗುಂಪು ಕೂತು ಲೆಕ್ಕ ಹಾಕಿದಾಗ, ಸ್ಟ್ರೋಕ್‌ನಿಂದ ಮೆದುಳನ್ನು ಉಳಿಸಲು ಅಲ್ಲಿಯವರೆಗೆ ಪ್ರಯೋಗ ಮಾಡಿ ನೋಡಿದ ಚಿಕಿತ್ಸೆಗಳು ಸಾವಿರ ದಾಟಿದ್ದವು. ಇಲಿಯಲ್ಲಿ ಗೆದ್ದವು ಬೇಕಾದಷ್ಟು. ಆದರೆ ಆಸ್ಪತ್ರೆಯಲ್ಲಿ ಇವತ್ತು ನಿಜವಾಗಿ ಕೆಲಸ ಮಾಡುವುದು ರಕ್ತ ಮತ್ತೆ ಹರಿಯುವಂತೆ ಮಾಡುವ ಚಿಕಿತ್ಸೆಗಳೇ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ದೊಡ್ಡ ರಕ್ತನಾಳ ಕಟ್ಟಿದ್ದರೆ ತಂತಿ ಹಾಕಿ ಹೆಪ್ಪನ್ನು ಎಳೆದು ತೆಗೆಯುವುದು, ಅದು ಕೆಲವರಿಗೆ 24 ಗಂಟೆಯವರೆಗೂ. ಮೆದುಳಿನ ಜೀವಕೋಶಗಳನ್ನೇ ಕಾಪಾಡುವ ಮದ್ದು ಅಂತ ಜಗತ್ತೆಲ್ಲ ಒಪ್ಪಿದ್ದು ಇನ್ನೂ ಇಲ್ಲ.

ನಾವು ಮಾಡುವ ರೀತಿ ಹೀಗೆ. ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಅದಿಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಅರಿವಳಿಕೆ ಕೊಟ್ಟು, ಕುತ್ತಿಗೆಯ ರಕ್ತನಾಳದ ಮೂಲಕ ತುದಿಗೆ ಸಿಲಿಕೋನ್ ಹಚ್ಚಿದ ಸಣ್ಣ ನೈಲಾನ್ ದಾರವನ್ನು ಮೇಲಕ್ಕೆ ತಳ್ಳುತ್ತೇವೆ. ಸುಮಾರು 18ರಿಂದ 20 ಮಿಲಿಮೀಟರ್ ಹೋದಾಗ ಕೈಗೆ ಸ್ವಲ್ಪ ತಡೆ ಸಿಗುತ್ತದೆ, ಅಲ್ಲಿಗೆ ಮೆದುಳಿನ ಮಧ್ಯದ ಅಪಧಮನಿಯ ಬಾಯಿ ಮುಚ್ಚಿತು. ಇನ್ನೂ ಒತ್ತಿದರೆ ರಕ್ತನಾಳ ತೂತಾಗುತ್ತದೆ. ಒಂದೂವರೆ ಗಂಟೆ ಬಿಟ್ಟು ದಾರ ಎಳೆದರೆ ರಕ್ತ ಮತ್ತೆ ಹರಿಯುತ್ತದೆ. ಮರುದಿನ ಮೆದುಳನ್ನು 2 ಮಿಲಿಮೀಟರ್ ಹೋಳು ಮಾಡಿ ಟಿಟಿಸಿ ಅನ್ನುವ ದ್ರಾವಣದಲ್ಲಿ ಹಾಕುತ್ತೇವೆ. ಬದುಕಿರುವ ಭಾಗ ಕೆಂಪಾಗುತ್ತದೆ, ಸತ್ತದ್ದು ಬೆಳ್ಳಗೆ ಉಳಿಯುತ್ತದೆ.

ಬಿಳಿ ಕಮ್ಮಿಯಾದರೆ ಮದ್ದು ಗೆದ್ದಿತು ಅಂತ ಅನ್ನಿಸುತ್ತದೆ, ಅಲ್ವಾ? ಇಲ್ಲೇ ಮೋಸ ಹೋಗುವುದು.

ಮೊದಲ ಕಳ್ಳ ಮೈಬಿಸಿ. ಅರಿವಳಿಕೆ ಕೊಟ್ಟ ಇಲಿಯ ಮೈ ಬೇಗ ತಣ್ಣಗಾಗುತ್ತದೆ, ಮೈ ತಣ್ಣಗಾದರೆ ಮೆದುಳು ಹೇಗೂ ಸ್ವಲ್ಪ ಉಳಿಯುತ್ತದೆ, ಮದ್ದು ಬೇಕಿಲ್ಲ. ಎಂಕೆ-801 ಅನ್ನುವ ಮದ್ದು ಜರ್ಬಿಲ್ ಇಲಿಗಳಲ್ಲಿ ಭಾರಿ ಹೆಸರು ಮಾಡಿತ್ತು. 1990ರಲ್ಲಿ ಮೈಬಿಸಿ ಇಳಿಯದಂತೆ ನೋಡಿಕೊಂಡು ಮತ್ತೆ ಪರೀಕ್ಷಿಸಿದರೆ ಆ ರಕ್ಷಣೆ ಮಾಯ. ಪುಣೆಯಲ್ಲಿ ಡಿಸೆಂಬರ್ ಬೆಳಗ್ಗೆ ಲ್ಯಾಬ್ ಎಷ್ಟು ತಣ್ಣಗಿರುತ್ತದೆ ಅಂದರೆ, ಚಳಿಗಾಲದ ಇಲಿಗಳನ್ನೂ ಏಪ್ರಿಲ್ ಇಲಿಗಳನ್ನೂ ಸುಮ್ನೆ ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದರೆ ನೀವು ಅಳೆಯುತ್ತಿರುವುದು ಮದ್ದನ್ನಲ್ಲ, ಹವಾಮಾನವನ್ನು. ಅದಕ್ಕೆ ಗುದದೊಳಗೆ ತಾಪಮಾನದ ಪ್ರೋಬ್, ಕೆಳಗೆ ಬಿಸಿ ಪ್ಯಾಡ್, 37 ಡಿಗ್ರಿ, ಇಲಿ ಎಚ್ಚರ ಆಗುವವರೆಗೂ. ಕರೆಂಟ್ ಹೋದರೂ ಪ್ಯಾಡ್ ಆರಬಾರದು ಅಂತ ಅದಕ್ಕೇ ಬೇರೆ ಯುಪಿಎಸ್ ಇಟ್ಟಿದ್ದೇವೆ.

ಎರಡನೆಯ ಕಳ್ಳ ನಮ್ಮದೇ ಕಣ್ಣು. ಹೋಳಿನ ಅಂಚಿನಲ್ಲಿ ಬಿಳಿಯೂ ಅಲ್ಲದ ಕೆಂಪೂ ಅಲ್ಲದ ತಿಳಿಗುಲಾಬಿ ಭಾಗ ಇರುತ್ತದೆ. ಇದು ಮದ್ದು ಕೊಟ್ಟ ಇಲಿ ಅಂತ ಗೊತ್ತಿದ್ದರೆ ಕೈ ತಾನಾಗೇ ಗೆರೆಯನ್ನು ಒಳಗೆ ಎಳೆಯುತ್ತದೆ. ಹಾಗಾಗಿ ಸೀಸೆಗಳಿಗೆ ನಂಬರ್ ಮಾತ್ರ. ಯಾವುದರಲ್ಲಿ ಮದ್ದು, ಯಾವುದರಲ್ಲಿ ಬರೀ ಸಲೈನ್ ಅನ್ನುವ ಚೀಟಿ ಬೇರೆ ವಿಭಾಗದ ಮೇಡಂ ಹತ್ತಿರ ಬೀಗದಲ್ಲಿರುತ್ತದೆ. ಯಾವ ಇಲಿಯನ್ನು ಲೆಕ್ಕದಿಂದ ಬಿಡುತ್ತೇವೆ ಅನ್ನುವುದನ್ನೂ, ಉದಾಹರಣೆಗೆ ರಕ್ತನಾಳ ತೂತಾಗಿ ರಕ್ತ ಸೋರಿದ್ದು, ಮೊದಲೇ ಬರೆದಿಡುತ್ತೇವೆ. ಫಲಿತಾಂಶ ನೋಡಿದ ಮೇಲೆ ಬಿಟ್ಟರೆ ಅದು ವಿಜ್ಞಾನ ಅಲ್ಲ, ಕೈಚಳಕ.

ಇದೆಲ್ಲ ಅತಿಯಾಯಿತು ಅನ್ನುವವರಿಗೆ ನಾನು ಎನ್‌ಎಕ್ಸ್‌ವೈ-059 ಅನ್ನುವ ಮದ್ದಿನ ಕಥೆ ಹೇಳುತ್ತೇನೆ. ಪ್ರಾಣಿಗಳಲ್ಲಿ ಚೆನ್ನಾಗಿತ್ತು, 2006ರಲ್ಲಿ ಪ್ರಕಟವಾದ ಮನುಷ್ಯರ ಪ್ರಯೋಗದಲ್ಲೂ ಸ್ವಲ್ಪ ಗುಣ ಕಂಡಿತು. 3,000ಕ್ಕೂ ಹೆಚ್ಚು ರೋಗಿಗಳ ಮುಂದಿನ ಪ್ರಯೋಗದಲ್ಲಿ ಏನೂ ಇಲ್ಲ. ಆಮೇಲೆ ಹಳೆಯ ಪ್ರಾಣಿ ಪ್ರಯೋಗಗಳನ್ನು ಕೆದಕಿದರೆ, ಯಾವ ಪ್ರಾಣಿಗೆ ಮದ್ದು ಅಂತ ಚೀಟಿ ಎತ್ತಿ ಹಂಚದ, ಅದನ್ನು ಅಳೆಯುವವರಿಂದ ಗುಟ್ಟಾಗಿಡದ ಪ್ರಯೋಗಗಳಲ್ಲೇ ಮದ್ದಿನ ಗುಣ ಜಾಸ್ತಿ ಕಂಡಿತ್ತು. ಬಿಪಿ ಇರುವ ಇಲಿಗಳಲ್ಲಿ ಅದೇ ಮದ್ದಿನ ಗುಣ ಕಮ್ಮಿ. ನಮ್ಮ ರೋಗಿಗಳಲ್ಲಿ ಬಿಪಿ ಇಲ್ಲದವರು ಎಷ್ಟು ಜನ ಹೇಳಿ! ನಾವೂ ಈಗ ಎಳೆಯ, ಆರೋಗ್ಯವಂತ ಗಂಡು ಇಲಿಗಳನ್ನಷ್ಟೇ ಇಟ್ಟುಕೊಂಡು ಕೂರುವುದನ್ನು ಬಿಟ್ಟಿದ್ದೇವೆ. ವಯಸ್ಸಾದವು, ಹೆಣ್ಣು, ಬಿಪಿ ಇರುವವು, ಎಲ್ಲ ಬೇಕು. ಖರ್ಚು ಜಾಸ್ತಿ, ಸಾಯುವ ಇಲಿಗಳೂ ಜಾಸ್ತಿ, ಗೈಡ್‌ಗೆ ತಲೆನೋವು.

ಕಾಪಾಡುವುದು ಮೊದಲ ಕೆಲವು ಗಂಟೆಗಳ ಮಾತು. ಕಾಕು ವಿಷಯ ಬೇರೆ, ಅವರಿಗೆ ಬೇಕಿರುವುದು ರಿಪೇರಿ. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸೋಣವಾ ಅಂತ ಕಾಕಾ ಕೇಳಿದರು, ಯಾರೋ ಲಕ್ಷಗಟ್ಟಲೆ ಹೇಳಿದ್ದರಂತೆ. ನಾನು ಬೇಡ ಅಂದೆ. ನಮ್ಮ ದೇಶದಲ್ಲೇ ಐದು ಆಸ್ಪತ್ರೆಗಳಲ್ಲಿ 120 ರೋಗಿಗಳ ಮೇಲೆ, ಅವರದೇ ಮೂಳೆಮಜ್ಜೆಯ ಜೀವಕೋಶ ಕೊಟ್ಟು ನೋಡಿದ್ದಾರೆ, 2014ರಲ್ಲಿ ಪ್ರಕಟವಾಯಿತು. ತೊಂದರೆ ಆಗಲಿಲ್ಲ, ಲಾಭವೂ ಆಗಲಿಲ್ಲ. ಪ್ರಯೋಗದ ಹೊರಗೆ ದುಡ್ಡು ತೆಗೆದುಕೊಂಡು ಇದನ್ನು ಕೊಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಒಪ್ಪುವುದಿಲ್ಲ.

ರಿಪೇರಿ ಅಳೆಯುವುದು ಇನ್ನೂ ಕಷ್ಟ, ಯಾಕೆಂದರೆ ಇಲಿ ತಾನಾಗೇ ಸುಧಾರಿಸುತ್ತದೆ. ವಾರ ಕಳೆದರೆ ನಡೆದಾಡುತ್ತದೆ, ಒಳ್ಳೆಯ ಕೈಯಿಂದ ಎಲ್ಲ ಕೆಲಸ ನಡೆಸುತ್ತದೆ, ಮೇಲ್ನೋಟಕ್ಕೆ ಗುಣವಾದಂತೆ. ಅದಕ್ಕೆ ನಾವು ಮುಂಗಾಲಿಗೆ ಸಣ್ಣ ಅಂಟು ಚೀಟಿ ಹಚ್ಚಿ, ಅದು ಗೊತ್ತಾಗಲು ಎಷ್ಟು ಹೊತ್ತು, ಕಿತ್ತುಹಾಕಲು ಎಷ್ಟು ಹೊತ್ತು ಅಂತ ನೋಡುತ್ತೇವೆ. ಮೆಟ್ಟಿಲಿನ ಮೇಲಿಟ್ಟ ಕಾಳನ್ನು ಒಂದೊಂದೇ ಕೈಯಿಂದ ಎತ್ತುವುದನ್ನು ಸ್ಟ್ರೋಕ್‌ಗಿಂತ ಮುಂಚೆಯೇ ಕಲಿಸಿರುತ್ತೇವೆ. ಮದ್ದಿನ ಜೊತೆ ಅಭ್ಯಾಸ ಕೊಟ್ಟ ಗುಂಪು ಬೇರೆ, ಬರೀ ಮದ್ದಿನದು ಬೇರೆ. ಮನುಷ್ಯರಲ್ಲೂ ಇತ್ತೀಚೆಗೆ ಫಲ ಕೊಟ್ಟದ್ದು ಇಂಥ ಜೋಡಿಯೇ: ಕೈ ವ್ಯಾಯಾಮ ಮಾಡುವಾಗಲೇ ಕುತ್ತಿಗೆಯ ವೇಗಸ್ ನರಕ್ಕೆ ಸಣ್ಣ ವಿದ್ಯುತ್ ಕೊಡುವ ಸಾಧನ, 108 ರೋಗಿಗಳ ಪ್ರಯೋಗದ ಮೇಲೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕಾಕುಗೆ ನಾನು ಹೇಳಿದ್ದೂ ಇಷ್ಟೇ, ಫಿಸಿಯೋ ಬಿಡಬೇಡಿ, ಬಿದ್ದ ಕೈಯಿಂದಲೇ ಲೋಟ ಎತ್ತಲು ನೋಡಿ.

ನಾವು ಪರೀಕ್ಷಿಸುತ್ತಿರುವ ಮದ್ದಿನ ಸದ್ಯದ ಸ್ಥಿತಿ: ರಕ್ತ ತಡೆಯುವ ಮೊದಲೇ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ, ಮೂರು ಗಂಟೆ ತಡವಾಗಿ ಕೊಟ್ಟರೆ ಸ್ವಲ್ಪ. ಸ್ಟ್ರೋಕ್ ಆಗುವ ಮುಂಚೆ ಯಾರೂ ಆಸ್ಪತ್ರೆಗೆ ಬರುವುದಿಲ್ಲವಾದ್ದರಿಂದ ನನಗೆ ಬೇಕಿರುವುದು ಆ ಸ್ವಲ್ಪವೇ. ಅಮೆರಿಕದಲ್ಲಿ ಹಲವು ಲ್ಯಾಬ್‌ಗಳು ಸೇರಿ ಆರು ಚಿಕಿತ್ಸೆಗಳನ್ನು 2,600ಕ್ಕೂ ಹೆಚ್ಚು ಇಲಿಗಳಲ್ಲಿ, ಯಾವುದಕ್ಕೆ ಏನು ಕೊಟ್ಟಿದೆ ಅಂತ ಅಳೆಯುವವರಿಗೆ ಗೊತ್ತಾಗದಂತೆ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದಾಗ, ಕೊನೆಯವರೆಗೆ ಉಳಿದದ್ದು ಯೂರಿಕ್ ಆಸಿಡ್ ಒಂದೇ. ನಾವೂ ಅದೇ ದಾರಿ ಹಿಡಿದು, ನಂಬರ್ ಹಾಕಿದ ಸೀಸೆಗಳನ್ನು ಬೇರೆ ಊರಿನ ಲ್ಯಾಬ್‌ಗೆ ಕಳಿಸುತ್ತಿದ್ದೇವೆ. ಅಲ್ಲಿಯೂ ಅದೇ ಫಲಿತಾಂಶ ಬಂದರೆ ಪೇಪರ್ ಬರೆಯುತ್ತೇವೆ, ಬರದಿದ್ದರೂ ಬರೆಯುತ್ತೇವೆ.